ಬೆಳೆಯದ ಕೊಂಬೆಯ ಗಂಟು

ಬ್ಯಾನರ್ ಅಂಗಡಿಯ ಮರದ ಮೇಜನ್ನು ತಿಂದು ಮುಗಿಸಲೆಂದು ಗೆದ್ದಲಜ್ಜ ದಂಡು ಕಟ್ಟಿಕೊಂಡು ಬಂದಿದ್ದ. ಮೇಜಿನ ಮೇಲಿದ್ದ ಕಂಪ್ಯೂಟರಿನ ಪರದೆಯೊಳಗಿಂದ, ಚಿತ್ರ ಬಿಡಿಸುವ ಬ್ರಷ್ ಕೂಗಿತು: "ಅಜ್ಜಾ, ಮೇಜು ಹೋದರೆ ಈ ಗಾಜಿನ ಸಮೇತ ನಾನೂ ಬಿದ್ದು ಚೂರಾಗ್ತೀನಿ. ಈ ಖಾಲಿ ಬಿಳುಪಿನಲ್ಲಿ ನೀನು ಒಪ್ಪುವಂಥ ಮರ ಮಾಡಿದರೆ ಬಿಟ್ಟು ಹೋಗ್ತೀಯಾ?"

"ಬೀಜವಿಲ್ಲ, ಮಳೆಯಿಲ್ಲ, ಮರ ಮಾಡ್ತಾನಂತೆ! ಮಾಡಪ್ಪ, ನೋಡೋಣ," ಎಂದು ಅಜ್ಜ ಪರದೆ ಹತ್ತಿದ.

ಬ್ರಷ್ ಕಂದು ಚುಕ್ಕಿಗಳನ್ನು ಎರಚಿ, ಉದ್ದಕ್ಕೆ ಎಳೆದು ಗೆರೆ ಮಾಡಿತು.

"ಇದು ಲುಂಗಿಯ ಪಟ್ಟೆ ಕಣೋ," ಅಜ್ಜ ನಕ್ಕ. "ಮರ ಅಂದಮೇಲೆ ಒಂದಾದರೂ ಕಷ್ಟ ಕಂಡಿರಬೇಡವೇ?"

ಬ್ರಷ್ ಈ ಸಲ ನಡುವೆ, ಕೊಂಬೆ ಮುರಿದ ಗುರುತಿನಂತೆ, ಒಂದು ಗಂಟು ಇಟ್ಟು, ಗೆರೆಗಳನ್ನೆಲ್ಲ ಅದರ ಸುತ್ತ ಬಳಸಿ ಹರಿಸಿತು. ಮಳೆ ಕೈಕೊಟ್ಟ ವರ್ಷಗಳಿಗೆಂದು ನಾಲ್ಕು ಗೆರೆಗಳನ್ನು ಒತ್ತೊತ್ತಾಗಿ ಎಳೆಯಿತು.

ಅಜ್ಜನ ಬಾಯಲ್ಲಿ ನೀರೂರಿತು. ಕಚ್ಚಿಯೇಬಿಟ್ಟ; ಹಲ್ಲು ಗಾಜಿಗೆ ಟಕ್ಕೆಂದಿತು. ಆದರೂ ಆ ಗಂಟನ್ನು ಮೆಲ್ಲಗೆ ಸವರಿ ಕೇಳಿದ: "ಈ ಕೊಂಬೆ ಯಾವಾಗ ಮುರೀತು ಮಗಾ?"

"ಅದು ಬೆಳೆದೇ ಇರಲಿಲ್ಲ ಅಜ್ಜಾ."

ಅಜ್ಜ ಕೆಳಗಿಳಿದ. "ನಡೀರಿ, ಈ ಮೇಜು ಬೇಡ," ಎಂದ ದಂಡಿಗೆ.

"ಯಾಕಜ್ಜ, ಮರ ಅಷ್ಟು ಗಟ್ಟಿಯೇ?"

"ಅಲ್ಲ ಕಣ್ರೋ. ಮೇಲೊಬ್ಬ ಮರ ಬೆಳೆಸ್ತಿದಾನೆ."