ಕರಿಗಲ್ಲಿನ ಗಂಟಲಲ್ಲಿ ನಿಂತ ಮಾತು

ಭೂಮಿ ಇನ್ನೂ ಒಲೆಯಿಂದ ಇಳಿಸಿದ ಮುದ್ದೆಯಂತೆ ಬಿಸಿಬಿಸಿಯಾಗಿದ್ದ ಕಾಲ. ಆಗ ನಾನಿರಲಿಲ್ಲ, ನಿಮ್ಮ ತಾತನೂ ಇರಲಿಲ್ಲ. ಇದ್ದೆ ಎಂದು ತಾತ ಹೇಳಿದರೆ ನಂಬಬೇಡ.

ಆಗ ಮೊದಲು ತಣ್ಣಗಾದವನು ಬಿಳಿಬಂಡೆ. ಅವನಿಗೆ ಯಾವುದಕ್ಕೂ ಅವಸರವಿಲ್ಲ. ನೆಲದೊಳಗೆ ಯುಗಗಟ್ಟಲೆ ಮಲಗಿ, ನಿಧಾನವಾಗಿ ಆರಿ, ಮೈತುಂಬ ದಪ್ಪ ದಪ್ಪ ಹರಳು ಕಟ್ಟಿಕೊಂಡು ಗಟ್ಟಿಯಾದ.

ಒಂದು ದಿನ ಕೆಳಗಿನಿಂದ ಯಾರೋ ತಟ್ಟಿದರು. ನೋಡಿದರೆ ಕರಗಿದ ಕಲ್ಲು, ಕೆಂಡದ ಬಣ್ಣ.

"ಅಣ್ಣಾ, ಒಳಗ ಉರಿ ತಡಿಯಾಕಾಗ್ತಿಲ್ಲ. ಮ್ಯಾಲೆ ಬರಾಕ ದಾರಿ ಬಿಡ್ತೀಯಾ?"

"ದಾರಿ ಬಿಡಬೇಕಂದ್ರ ನನ್ನ ಮೈ ಸೀಳಬೇಕಲ್ಲೋ ತಮ್ಮಾ."

"ಹೌದಣ್ಣ."

ಬಿಳಿಬಂಡೆ ಸ್ವಲ್ಪ ಹೊತ್ತು ಯೋಚಿಸಿದ. ಅವನ ಸ್ವಲ್ಪ ಹೊತ್ತು ಎಂದರೆ ಸಾವಿರ ವರ್ಷ. ಆಮೇಲೆ ಮೈ ಸೀಳಿಕೊಂಡು ದಾರಿ ಬಿಟ್ಟ.

ಕೆಂಡದ ಕಲ್ಲು ಆ ಬಿರುಕಿನಲ್ಲಿ ಮೇಲೇರಿತು. 'ಅಣ್ಣಾ, ನಿನ್ನಿಂದ ಉಳಿದೆ' ಎನ್ನಲು ಬಾಯಿ ತೆರೆಯಿತು. ಅಷ್ಟರಲ್ಲಿ ಅಣ್ಣನ ತಣ್ಣನೆಯ ಮೈ ಸೋಕಿ, ಬೇಗ ಬೇಗ ಆರಿ, ಕರಿಗಲ್ಲಾಗಿಬಿಟ್ಟಿತು. ಮಾತು ಗಂಟಲಲ್ಲೇ ನಿಂತಿತು.

ಮಳೆ ಮೇಲಿನ ಮಣ್ಣನ್ನೆಲ್ಲ ತೊಳೆಯಿತು. ಬಿಳಿ ಬೆಟ್ಟ ಹೊರಗೆ ಬಂತು, ಅದರ ಬೆನ್ನ ಮೇಲೆ ಉದ್ದಕ್ಕೂ ಒಂದು ಕಪ್ಪು ಪಟ್ಟಿ. ಗಾಳಿ ದಿನಾ ಬಂದು ಕೆಣಕುತ್ತಿತ್ತು: "ಏ ಕರಿಗಲ್ಲೇ, ಜಾಗ ಕೊಟ್ಟ ಅಣ್ಣಗ ಒಂದು ಮಾತು ಹೇಳಾಕ ಬರಂಗಿಲ್ಲೇನು?"

ಕರಿಗಲ್ಲು ಬಾಯಿ ತೆರೆಯುತ್ತಿತ್ತು. ಮಾತು ಗಂಟಲಲ್ಲೇ ನಿಲ್ಲುತ್ತಿತ್ತು.

ಬಿಳಿಬಂಡೆ ಮಾತ್ರ ಏನೂ ಕೇಳಲಿಲ್ಲ. ಮಾಡಿದ ಉಪಕಾರ ಮರೆಯುವುದು ದೊಡ್ಡವರ ಗುಣ. ನನಗಂತೂ ಅದು ಬಂದಿಲ್ಲ.

ಆಮೇಲೆ ಎಷ್ಟೋ ಕಾಲಕ್ಕೆ ಮನುಷ್ಯರು ಬಂದರು. ಅವರಿಗೆ ಊರು ಎಂಬುದಿಲ್ಲ. ಮೇವು ಮುಗಿದರೆ ದನ ಹೊಡೆದುಕೊಂಡು ಮುಂದಕ್ಕೆ. ಆ ಗುಂಪಿನಲ್ಲಿ ಹುಲಿಗೆವ್ವ ಎಂಬ ಹೆಂಗಸು, ಅವಳ ಮುದಿ ತಾಯಿ ಮಾರೆವ್ವ. ಮಾರೆವ್ವನ ಬಾಯಲ್ಲಿ ಒಂದು ಹಲ್ಲೂ ಇಲ್ಲ, ಅಲ್ಲಿ ಸಿಗುವುದೋ ಬರೀ ಕಾಡುಹುರಳಿ. ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ಹಾಗೆ.

ಹುಲಿಗೆವ್ವ ಬಿಳಿಬಂಡೆಯ ಮೇಲೆ ಹುರಳಿ ಅರೆದು ತಾಯಿಗೆ ಅಂಬಲಿ ಕಾಯಿಸುತ್ತಿದ್ದಳು. ಅವಳು ಮಾಡಿದ ತಪ್ಪು ಒಂದೇ. ಕಲ್ಲು ನುಣ್ಣಗಾದರೆ ಹಿಟ್ಟೂ ನುಣ್ಣಗಾದೀತು ಎಂದು ಪ್ರತಿ ಸಂಜೆ ಮರಳು, ನೀರು ಹಾಕಿ ಕಲ್ಲನ್ನು ತಿಕ್ಕಿದಳು. ದಿನಾ ತಿಕ್ಕಿದಳು. ಕೊನೆಗೆ ಕಲ್ಲು ಮುಖ ಕಾಣುವ ಹಾಗೆ ಹೊಳೆಯಿತು, ಹುರಳಿ ಇಡಿಯಾಗಿ ಜಾರಿ ಹೋಯಿತು. ಅಂಬಲಿ ನೀರಾಯಿತು. ಮಾರೆವ್ವನ ಕಾಲು ಸೋತವು.

ಗುಂಪಿನ ಹಿರಿಯ ಈರಗ ಬಂದು ಕೇಳಿದ: "ನಾಳೆ ಹೊರಡಬೇಕವ್ವಾ. ನಿಮ್ಮವ್ವ ನಡೀತಾಳೇನು?"

"ನಡೀತಾಳ" ಎಂದಳು ಹುಲಿಗೆವ್ವ. ನಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಮಾರೆವ್ವ ನಕ್ಕಳು. "ನೀ ಹೋಗು ಮಗಳ. ನಿನ್ನ ಕಲ್ಲಿಗೂ ಹಲ್ಲಿಲ್ಲ, ನನಗೂ ಹಲ್ಲಿಲ್ಲ. ನಾವಿಬ್ಬರೂ ಜೋಡಿಯಾಗಿ ಇಲ್ಲೇ ಇರ್ತೀವಿ."

ಹುಲಿಗೆವ್ವನಿಗೆ ಅಳುವೂ ಬಂತು, ಸಿಟ್ಟೂ ಬಂತು. ಬೆಟ್ಟದಿಂದ ಉರುಳಿ ಬಂದಿದ್ದ ಕರಿಗಲ್ಲಿನ ಗುಂಡೊಂದನ್ನು ಎತ್ತಿ ಆ ಹೊಳೆಯುವ ಬಂಡೆಗೆ ಕುಕ್ಕಿದಳು.

ಠಣ್.

ಗಂಟಲಲ್ಲಿ ನಿಂತಿದ್ದ ಮಾತು ಹೊರಗೆ ಬಂತು. "ಅಣ್ಣಾ, ನಿನ್ನಿಂದ ಉಳಿದೆ."

"ಇಷ್ಟು ಕಾಲ ಬಿಟ್ಟು ಈಗ ಹೇಳ್ತೀಯಲ್ಲೋ" ಎಂದ ಬಿಳಿಬಂಡೆ. "ಅದೂ ನನ್ನ ಮೈ ಮ್ಯಾಲೆ ಗುದ್ದಿ."

ಹುಲಿಗೆವ್ವ ಬೆದರಿ ಕೈ ಹಿಂದೆಗೆದಳು. "ನೋವಾತೇನಪ್ಪಾ?"

"ಅಷ್ಟು ದೊಡ್ಡ ಸೀಳು ತಡಕೊಂಡವ ನಾನು. ಹೊಡಿಯವ್ವಾ. ನೀನು ತಿಕ್ಕಿ ತಿಕ್ಕಿ ನನ್ನ ಹಲ್ಲು ಕಳೆದಿ. ನನ್ನ ತಮ್ಮ ತಿರುಗಿ ಕೊಡ್ತಾನ."

ಅವಳು ಪೆಟ್ಟು ಬಿದ್ದಲ್ಲಿ ಬೆರಳಾಡಿಸಿದಳು. ಒರಟಾಗಿತ್ತು. ಅದರ ಮೇಲೆ ನಾಲ್ಕು ಕಾಳು ಇಟ್ಟು ತಿಕ್ಕಿದಳು. ಹಿಟ್ಟಾಯಿತು. ಆಗ ಕರಿಗುಂಡನ್ನು ಕಣ್ಣಿಗೊತ್ತಿಕೊಂಡು, ಬಂಡೆಯ ತುಂಬ ಸಣ್ಣ ಸಣ್ಣ ಕಚ್ಚು ಬೀಳುವಂತೆ ಕುಟ್ಟಿದಳು. ಠಣ್, ಠಣ್. ಪ್ರತಿ ಪೆಟ್ಟಿಗೂ ತಮ್ಮ ಅಣ್ಣನಿಗೆ ಅದೇ ಮಾತು ಹೇಳಿದ. ಅಣ್ಣ ಸಾಕು ಎನ್ನಲಿಲ್ಲ.

ಮಾರೆವ್ವ ಆ ಸಂಜೆ ಎರಡು ಬಟ್ಟಲು ಅಂಬಲಿ ಕುಡಿದಳು, ಮೂರನೆಯದಕ್ಕೆ ಕೈ ಚಾಚಿದಳು. ಹುಲಿಗೆವ್ವ ಕೊಡುತ್ತಾ ಅತ್ತಳು.

ಬೆಳಗ್ಗೆ ಈರಗ ಗಂಟು ಹೊತ್ತು ಬಂದ. ಅಂಬಲಿಯ ವಾಸನೆ ಮೂಗಿಗೆ ಬಡಿಯಿತು. ತಾನೂ ಒಂದು ಬಟ್ಟಲು ಕುಡಿದು, ಗಂಟು ಇಳಿಸಿ, "ನಾಡಿದ್ದು ಹೋಗೋಣ" ಎಂದ.

ಆ ನಾಡಿದ್ದು ಇನ್ನೂ ಬಂದಿಲ್ಲ. ಉಳಿದ ಹುರಳಿಯನ್ನು ಬೆಟ್ಟದ ಬುಡದಲ್ಲಿ ಬಿತ್ತಿದರು; ಕಾಳು ತಮಗೆ, ಹೊಟ್ಟು ದನಕ್ಕೆ. ಕರಿಗಲ್ಲನ್ನೇ ಕೊಡಲಿ ಮಾಡಿ ಮರ ಕಡಿದು ಗುಡಿಸಲು ಕಟ್ಟಿದರು. ಹಲ್ಲಿಲ್ಲದವರು ಹಿಟ್ಟು ತಿಂದು ಬಹಳ ವರ್ಷ ಬದುಕಿ, ಹಲ್ಲು ಬಾರದ ಕೂಸುಗಳಿಗೆ ಕತೆ ಹೇಳಿದರು. ಅದೇ ನಮ್ಮ ಊರು.

ನನ್ನ ಅತ್ತೆ ಮನೆಮನೆಯ ಬೀಸುಕಲ್ಲು ಒರಟು ಮಾಡಿಕೊಡುತ್ತಿದ್ದವಳು. ಮೊದಲ ಪೆಟ್ಟಿಗೆ ಮುಂಚೆ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನಾನೂ ಹಾಗೇ ಮಾಡಿದೆ. ಈಗ ನನ್ನ ಬಾಯಲ್ಲೂ ಹಲ್ಲಿಲ್ಲ, ನಿಮ್ಮವ್ವ ಅಂಬಲಿ ಕಾಯಿಸಿ ಕೊಡುತ್ತಾಳೆ. ನಾನು ಬಾಯಿಬಿಟ್ಟೇ ಹೇಳುತ್ತೇನೆ, ಅವಳಿಂದ ಉಳಿದೆ.

ನಾಳೆ ಬೆಟ್ಟ ಹತ್ತಿದಾಗ, ಬಿಳಿಬಂಡೆಯ ನಡುವೆ ಓಡುವ ಆ ಕಪ್ಪು ಪಟ್ಟಿಯನ್ನು ಮೆಲ್ಲಗೆ ತಟ್ಟಿ ಕಿವಿಗೊಡು: ತಮ್ಮ ಇಂದಿಗೂ ಠಣ್ ಎನ್ನುತ್ತಾನೆ, ಅಣ್ಣ ಇಂದಿಗೂ ಸುಮ್ಮನೆ ಕೇಳಿಸಿಕೊಳ್ಳುತ್ತಾನೆ.