ಮೇಸ್ತ್ರಿ ಉಜ್ಜಿದ ಪಿನ್ನು

"ನಾನೇ ಮಾಡಿಕೊಂಡ ನಿಯಮವನ್ನು ನಾನೇ ಕೊಂಚ ತಿದ್ದಿಕೊಂಡರೆ ತಪ್ಪೇನು, ಗುರುಗಳೇ?"

ಈ ಪ್ರಶ್ನೆಯ ಹಿಂದೆ ಗಂಭೀರವಾದ ಘಟನೆಯೊಂದಿತ್ತು. ಸೂರ್ಯಾಸ್ತದವರೆಗೆ ಮೌನವೆಂದು ವ್ರತ ಹಿಡಿದಿದ್ದ ಶಿಷ್ಯ, ಮಧ್ಯಾಹ್ನದ ಪಂಕ್ತಿಯಲ್ಲಿ ಸಾರಿಗೆ ಉಪ್ಪು ಸಾಲದು ಎಂದುಬಿಟ್ಟಿದ್ದ. ಸುದ್ದಿ ಅಡುಗೆಮನೆಯಿಂದ ಹೊರಟು ಗೋಶಾಲೆಯವರೆಗೂ ತಲುಪಿತ್ತು. ಶಿಷ್ಯ ಕೂಡಲೇ ವ್ರತವನ್ನು ಮಧ್ಯಾಹ್ನದವರೆಗೆ ಎಂದು ತಿದ್ದಿಕೊಂಡ. ಹೀಗಾಗಿ ವ್ರತಭಂಗವಾಗಲಿಲ್ಲ.

ಗುರುಗಳು ಉಪ್ಪಿನ ಮಾತೆತ್ತಲಿಲ್ಲ. ಒಂದು ಕತೆ ಹೇಳಿದರು.

ಹೆದ್ದಾರಿಯ ಪಕ್ಕದಲ್ಲಿ ಕಾರು ರಿಪೇರಿ ಮಾಡುವ ಮೇಸ್ತ್ರಿಯೊಬ್ಬನಿದ್ದ. ಕೈ ಒಳ್ಳೆಯದು, ಮನಸ್ಸು ಇನ್ನೂ ಒಳ್ಳೆಯದು. ಅಂಗಡಿಯ ಸಲಕರಣೆಗಳೆಂದರೆ ಅವನಿಗೆ ತಾತ್ಸಾರ. ಬೇಕಾದದ್ದನ್ನು ಗುಜರಿಯಿಂದ ಆಯ್ದು ತಾನೇ ಮಾಡಿಕೊಳ್ಳುತ್ತಿದ್ದ. ಕಬ್ಬಿಣದ ಪಟ್ಟಿಗೆ ಎರಡು ಬೋಲ್ಟು ಬಿಗಿದರೆ ಪುಲ್ಲಿ ಹಿಡಿಯುವ ಕೈಯಾಯಿತು. ಒಂದು ಬೋಲ್ಟಿನ ತಲೆ ಕೊಯ್ದರೆ ಇಂಜಿನ್ನು ಅಲುಗದಂತೆ ಹಿಡಿಯುವ ಪಿನ್ನಾಯಿತು. ಊರು ಮೆಚ್ಚಿತ್ತು. ಅವನೂ ಮೆಚ್ಚಿದ್ದ.

ಒಂದು ಮಧ್ಯಾಹ್ನ ಒಬ್ಬ ಡ್ರೈವರ್ ತನ್ನ ಡೀಸೆಲ್ ಕಾರು ತಂದು ನಿಲ್ಲಿಸಿದ. ಇಂಜಿನ್ನಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಟೈಮಿಂಗ್ ಬೆಲ್ಟ್ ಬಿರುಕು ಬಿಟ್ಟಿತ್ತು. ಅದು ದಾರಿಯಲ್ಲಿ ತುಂಡಾದರೆ ಇಂಜಿನ್ನು ಒಳಗೊಳಗೇ ಬಡಿದುಕೊಂಡು ಸಾಯುತ್ತದೆ. ಡ್ರೈವರನ ಹೆಂಡತಿಗೆ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ದೂರದ ಆಸ್ಪತ್ರೆಗೆ ಹೋಗಬೇಕು. ಹಿಂದಿನ ಸರದಿ ತಪ್ಪಿತ್ತು, ಮರುದಿನದ್ದು ತಪ್ಪುವಂತಿರಲಿಲ್ಲ. ಆಗದಿದ್ದರೆ ಈಗಲೇ ಹೇಳಿಬಿಡು, ಬೇರೆ ಗಾಡಿ ಗೊತ್ತು ಮಾಡಿಕೊಳ್ಳುತ್ತೇನೆ ಎಂದ ಡ್ರೈವರ್. ಮೇಸ್ತ್ರಿಗೆ ಕರುಳು ಚುರುಕ್ಕೆಂದಿತು. ಆಗುತ್ತದೆ ಎಂದ.

ಇಂಜಿನ್ನಿನ ತೂತಿಗೆ ಪಿನ್ನು ತೂರಿಸಿ, ಹಳೆಯ ಬೆಲ್ಟ್ ಬಿಚ್ಚಿ, ಹೊಸದನ್ನು ಹಲ್ಲಿಗೆ ಹಲ್ಲು ಕೂರಿಸಿದ. ಆಮೇಲೆ ಪಿನ್ನು ತೆಗೆದು ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಅದೇ ತೂತಿಗೆ ಪಿನ್ನನ್ನು ಮತ್ತೆ ಹಾಕಿ ನೋಡಬೇಕು. ಸಲೀಸಾಗಿ ಹೋದರೆ ಬೆಲ್ಟ್ ಸರಿಯಾಗಿ ಕೂತಿದೆ ಎಂದರ್ಥ. ಮೇಸ್ತ್ರಿ ತಿರುಗಿಸಿದ, ಹಾಕಿದ. ಹೋಗಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಡ್ರೈವರ್ ಬಗ್ಗಿ ನೋಡಿದ.

"ಬೇಡ ಅಂತಿದೆಯಲ್ಲ ಮೇಸ್ತ್ರಿ."

"ಅದೇನು ನನ್ನ ಮಾವನ ಮನೆಯಿಂದ ಬಂದದ್ದಾ ಅಣ್ಣ, ಬೇಡ ಅನ್ನೋಕೆ? ನಾನೇ ಮಾಡಿದ ಪಿನ್ನು. ಕೊಂಚ ದಪ್ಪ ಆಗಿದೆ, ಅಷ್ಟೇ."

ಬೆಲ್ಟ್ ಬಿಚ್ಚಿ ಮತ್ತೆ ಕೂರಿಸಲು ಒಂದು ಗಂಟೆ ಬೇಕಿತ್ತು. ಪಿನ್ನು ಉಜ್ಜಲು ಐದು ನಿಮಿಷ ಸಾಕು. ಮೇಸ್ತ್ರಿ ಅರ ತೆಗೆದುಕೊಂಡು ಉಜ್ಜಿದ. ಹೋಗಲಿಲ್ಲ. ಇನ್ನಷ್ಟು ಉಜ್ಜಿದ. ಬೆರಳಿನಷ್ಟು ದಪ್ಪವಿದ್ದ ಪಿನ್ನಿನ ತುದಿ ಪೆನ್ಸಿಲ್ಲಿನ ಮೊನೆಯಂತಾಯಿತು. ಈಗ ಹೋಯಿತು. ಬೆಲ್ಟ್ ಒಂದು ಹಲ್ಲು ಆಚೆ ಕೂತಿತ್ತು. ಹಾಗೆಂದು ಹೇಳಬಲ್ಲ ವಸ್ತು ಆ ಶೆಡ್ಡಿನಲ್ಲಿ ಒಂದೇ ಇತ್ತು. ಅದನ್ನು ಅವನು ಸುಮ್ಮನಾಗಿಸಿದ್ದ.

ಗಾಡಿ ಸ್ಟಾರ್ಟ್ ಆಯಿತು. ಸಣ್ಣಗೆ ಟಕಟಕ ಸದ್ದಿತ್ತು. ಹೊಸ ಬೆಲ್ಟ್, ಓಡಿದರೆ ಹೊಂದಿಕೊಳ್ಳುತ್ತದೆ ಎಂದ ಮೇಸ್ತ್ರಿ. ಡ್ರೈವರ್ ಕೈಮುಗಿದು ಹೊರಟ.

ಮರುದಿನ ಬೆಳಿಗ್ಗೆ ಅರ್ಧ ದಾರಿಯಲ್ಲಿ ಇಂಜಿನ್ನು ನಿಂತಿತು. ಆ ರಸ್ತೆಯಲ್ಲಿ ಬಸ್ಸಿರಲಿಲ್ಲ. ಸಿಮೆಂಟ್ ಸಾಗಿಸುವ ಟೆಂಪೊ ಸಿಕ್ಕಾಗ ಮಧ್ಯಾಹ್ನವಾಗಿತ್ತು. ಹೆಂಡತಿ ಗಂಡನ ಭುಜಕ್ಕೆ ಒರಗಿ ಕೂತಳು. ಉಸಿರಿಗೆ ಕಷ್ಟಪಡುತ್ತಿದ್ದಳು. ಆಸ್ಪತ್ರೆಯ ಗೇಟು ಕಾಣುವ ಮೊದಲೇ ಆ ಕಷ್ಟ ಮುಗಿಯಿತು.

ಗುರುಗಳು ಕತೆ ನಿಲ್ಲಿಸಿದರು. ಮೇಸ್ತ್ರಿ ಆ ಪಿನ್ನನ್ನು ಎಸೆದನೇ ಎಂದು ಶಿಷ್ಯ ಕೇಳಿದ.

"ಇಲ್ಲ. ಈಗ ಅದು ಎಲ್ಲ ಗಾಡಿಗೂ ಹೊಂದುತ್ತದೆ."