ಮೊದಲ ಸಾಲಿನ ಪಟ್ಟಿ

"ಬುದ್ಧಿ, ಬಂದವರೆಲ್ಲ ಹೇಳುವುದು ಒಂದೇ ಮಾತು, ನಿಮ್ಮ ಆಶೀರ್ವಾದ ಬೇಕು ಅಂತ. ವಿಭೂತಿ ಕೊಟ್ಟು ಕಳಿಸುವುದು ಬಿಟ್ಟು ಒಬ್ಬೊಬ್ಬರ ಜೊತೆ ಗಂಟೆಗಟ್ಟಲೆ ಯಾಕೆ ಕೂರುತ್ತೀರಿ?" ಎಂದು ಗುರುಸಿದ್ಧ ಸ್ವಾಮಿಗಳನ್ನು ಕೇಳಿದ. ಮಠದ ಬಾಗಿಲಲ್ಲಿ ಕೂತು ಬಂದವರನ್ನು ವಿಚಾರಿಸುವುದು ಅವನ ಕೆಲಸ.

ಸ್ವಾಮಿಗಳಿಗೆ ಅವನ ಈ ಗೊಣಗಾಟ ಕೇಳಿ ಕೇಳಿ ಸಾಕಾಗಿತ್ತು. "ಕೂತುಕೋ" ಎಂದು ಹೇಳತೊಡಗಿದರು.

ಒಬ್ಬ ದನದ ವೈದ್ಯನಿದ್ದ. ಅವನ ಊರಿಗೆ ಕಾಲುಬಾಯಿ ಜ್ವರ ಬಂತು. ದೊಡ್ಡ ದನಗಳು ಹೇಗೋ ತಡೆದುಕೊಂಡವು, ಕರುಗಳು ಸಾಯತೊಡಗಿದವು. ಅವನಿಗೆ ಗೊತ್ತಿದ್ದ ಯಾವ ಮದ್ದೂ ನಾಟಲಿಲ್ಲ. ಇದಕ್ಕೆ ತಕ್ಕ ಮದ್ದನ್ನು ಅವನ ತಾತ ಓಲೆಗರಿಯಲ್ಲಿ ಬರೆದಿಟ್ಟಿದ್ದ. ಮನೆಯಲ್ಲಿದ್ದರೆ ಗೆದ್ದಲು ತಿನ್ನುತ್ತದೆಂದು ಅಪ್ಪ ಆ ಕಟ್ಟನ್ನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಟ್ಟುಬಿಟ್ಟಿದ್ದ. ವೈದ್ಯ ಬಸ್ಸು ಹತ್ತಿ ಅಲ್ಲಿಗೆ ಹೋದ.

ಓಲೆಗರಿಗಳಿದ್ದದ್ದು ವಿಶೇಷ ಸಂಗ್ರಹವೆಂಬ ಕೋಣೆಯಲ್ಲಿ. ಹೊರಗಿನವರು ಅದರೊಳಗೆ ಹೋಗುವಂತಿಲ್ಲ. ಪಟ್ಟಿ ನೋಡಿ ನಂಬರು ಹೇಳಿದರೆ ಗ್ರಂಥಪಾಲಕ ಕಟ್ಟು ತಂದುಕೊಡುತ್ತಾನೆ, ಅದೂ ದಿನಕ್ಕೆ ಒಂದೇ. ವೈದ್ಯ ಪಟ್ಟಿ ಬಿಡಿಸಿದ. ಒಂದನೆಯ ಕಟ್ಟಿನ ಮುಂದೆ 'ಅವಿಘ್ನಮಸ್ತು' ಎಂದು ಬರೆದಿತ್ತು. ಎರಡನೆಯದರ ಮುಂದೆಯೂ ಅವಿಘ್ನಮಸ್ತು. ಹಾಳೆ ತಿರುವಿದ, ಮತ್ತೆ ತಿರುವಿದ. ಇದ್ದ ಮುನ್ನೂರು ಕಟ್ಟಿಗೂ ಅವಿಘ್ನಮಸ್ತು. ಅಡ್ಡಿಯಾಗದಿರಲಿ ಎಂದು ಹಳಬರು ಏನು ಬರೆಯಲು ಕೂತರೂ ಮೊದಲು ಬರೆಯುತ್ತಿದ್ದ ಮಾತು ಅದು. ಈಗ ಅದೇ ಗೋಡೆಯ ಹಾಗೆ ಅಡ್ಡ ನಿಂತಿತ್ತು.

"ಎಲ್ಲಾದ್ರ ಮುಂದೂ ಒಂದೇ ಬರ್ದಿದೀರಲ್ಲ ಸ್ವಾಮಿ, ನಮ್ ತಾತಂದು ಯಾವ್ದು ಅಂತ ನಾನ್ ಹೆಂಗೆ ಹೇಳ್ಲಿ?" ಎಂದು ವೈದ್ಯ ಕೇಳಿದ.

"ಗ್ರಂಥದ ಮೊದಲ ಸಾಲು ಬರೀಬೇಕು ಅಂತ ನಿಯಮ ಇದೆ. ಮೂರು ವರ್ಷ ಕೂತು ಬರೆದಿದೀನಿ. ಒಂದಕ್ಷರ ತಪ್ಪಿದ್ರೆ ತೋರಿಸಿ" ಎಂದ ಗ್ರಂಥಪಾಲಕ.

ವೈದ್ಯನಿಗೆ ಮೈಯೆಲ್ಲ ಉರಿದುಹೋಯಿತು. ಎರಡನೆಯ ಸಾಲಿನ ಮೇಲೆ ಒಂದು ಸಲ ಕಣ್ಣು ಹಾಯಿಸಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಆದರೆ ಜಗಳವಾಡಿದರೆ ಇರುವ ದಾರಿಯೂ ಮುಚ್ಚುತ್ತದೆಂದು ಹಲ್ಲು ಕಚ್ಚಿಕೊಂಡು ಒಂದನೆಯ ನಂಬರು ಹೇಳಿದ. ಅದು ವ್ಯಾಕರಣ. ಮರುದಿನ ಬಂದದ್ದು ಯಾರದೋ ಮನೆಯವರ ಜಾತಕ. ಅದರ ಮರುದಿನ ಮದುವೆ ಹಾಡು. ಊರಿನಿಂದ ತಮ್ಮ ದಿನವೂ ಫೋನು ಮಾಡಿ ಇವತ್ತು ಯಾರ ಮನೆಯ ಕರು ಹೋಯಿತೆಂದು ಹೇಳುತ್ತಿದ್ದ. ವೈದ್ಯ ಛತ್ರದ ಜಗಲಿಯಲ್ಲಿ ಕೂತು ಕೈಕೈ ಹಿಸುಕಿಕೊಳ್ಳುತ್ತಿದ್ದ.

ಹತ್ತೊಂಬತ್ತನೆಯ ದಿನ ತಾತನ ಕಟ್ಟು ಸಿಕ್ಕಿತು. ಮೊದಲ ಸಾಲು ಅವಿಘ್ನಮಸ್ತು. ಎರಡನೆಯ ಸಾಲಿನಲ್ಲೇ ಮದ್ದಿತ್ತು. ಬೇಕಾದ ಮೂರು ಸೊಪ್ಪೂ ಅವನ ಹಿತ್ತಲಲ್ಲೇ ಬೆಳೆದಿದ್ದವು. ಗ್ರಂಥಪಾಲಕ ಬಗ್ಗಿ ನೋಡಿ, ತನ್ನ ಪಟ್ಟಿಯನ್ನೂ ನೋಡಿ, "ಸರಿಯಾಗೇ ಬರೆದಿದೀನಲ್ಲ" ಎಂದ. ವೈದ್ಯ ಮದ್ದಿನ ಸಾಲನ್ನು ಚೀಟಿಯಲ್ಲಿ ಬರೆದುಕೊಂಡ. ಓಡಿಹೋಗಿ ಸಂಜೆಯ ಬಸ್ಸು ಹಿಡಿದ. ಅವನು ಊರು ಸೇರುವಷ್ಟರಲ್ಲಿ ಮದ್ದು ಹಾಕಲು ಒಂದು ಕರುವೂ ಉಳಿದಿರಲಿಲ್ಲ.

ಕತೆ ಮುಗಿಯಿತು. "ಎಂಥ ದಡ್ಡ, ಬುದ್ಧಿ, ಆ ಗ್ರಂಥಪಾಲಕ! ಕಟ್ಟು ಕೈಯಲ್ಲೇ ಇತ್ತು, ಇನ್ನೊಂದು ಸಾಲು ಓದೋಕೆ ಏನು ಕಷ್ಟ?" ಎಂದು ಗುರುಸಿದ್ಧ ರೇಗಿದ.

ಸ್ವಾಮಿಗಳು ಅವನ ಮುಖವನ್ನೇ ನೋಡಿ ಹೇಳಿದರು: "ಬೆಳಿಗ್ಗೆ ಒಬ್ಬ ಹೆಂಗಸಿಗೆ ಬಾಗಿಲಲ್ಲೇ ವಿಭೂತಿ ಕೊಟ್ಟು ಕಳಿಸಿದೆಯಲ್ಲ, ಆಶೀರ್ವಾದ ಬೇಕು ಎಂದ ಮೇಲೆ ಅವಳು ಇನ್ನೂ ಏನೋ ಹೇಳುತ್ತಿದ್ದಳು, ಅದೇನಪ್ಪ?"